ಹೇಳಿಕೊಟ್ಟ ವ್ಯಾಕರಣ, ಕಲಿತ ವ್ಯಾಕರಣ

ಏಳನೇ ತರಗತಿಯ ಯಾವುದಾದರೂ ಮಗುವಿನ ಇಂಗ್ಲಿಷ್ ನೋಟ್‌ಬುಕ್ ತೆರೆದು ನೋಡಿ. ‘ಹೀ’, ‘ಶೀ’, ‘ಇಟ್’ ಬಂದಾಗ ಕ್ರಿಯಾಪದದ ಕೊನೆಗೆ ‘ಎಸ್’ ಸೇರಿಸಬೇಕು ಎಂಬ ನಿಯಮಕ್ಕೆ ಅಲ್ಲಿ ಎರಡೆರಡು ಅಡಿಗೆರೆ ಬಿದ್ದಿರುತ್ತದೆ. ಕೆಳಗೆ ಬಿಟ್ಟ ಸ್ಥಳ ತುಂಬುವ ಹತ್ತು ವಾಕ್ಯಗಳು, ಪಕ್ಕದಲ್ಲಿ ಹತ್ತಕ್ಕೆ ಹತ್ತು ಅಂಕ. ಅದೇ ಮಗುವನ್ನು ಪಕ್ಕಕ್ಕೆ ಕೂರಿಸಿಕೊಂಡು, ಅಪ್ಪ ಎಲ್ಲಿ ಕೆಲಸ ಮಾಡುತ್ತಾರೆ ಎಂದು ಇಂಗ್ಲಿಷಿನಲ್ಲಿ ಕೇಳಿ. ‘ಮೈ ಫಾದರ್ ವರ್ಕ್ ಇನ್ ಫ್ಯಾಕ್ಟರಿ’ ಎನ್ನುತ್ತದೆ. ಮೇಷ್ಟ್ರಿಗೆ ಸಿಟ್ಟು ಬರುತ್ತದೆ. ಮನೆಯಲ್ಲಿ ಟ್ಯೂಷನ್ ಮಾತು ಏಳುತ್ತದೆ. ತನಗೆ ಇಂಗ್ಲಿಷ್ ಹತ್ತುವುದಿಲ್ಲ ಎಂಬ ಅಳುಕು ಮಗುವಿನ ಮನಸ್ಸಿನಲ್ಲಿ ಕೂತುಬಿಡುತ್ತದೆ.

ತಪ್ಪು ಮಗುವಿನದಲ್ಲ. ಪಾಠ ಮಾಡಿದವರದ್ದು ಎನ್ನುವುದೂ ಕಷ್ಟ. ಆ ‘ಎಸ್’ ಇಂಗ್ಲಿಷ್ ಮನೆಮಾತಾಗಿರುವ ಮಕ್ಕಳಿಗೂ ತಡವಾಗಿಯೇ ಬರುತ್ತದೆ. ಹಾರ್ವರ್ಡ್ ವಿಶ್ವವಿದ್ಯಾಲಯದ ರೋಜರ್ ಬ್ರೌನ್ ಮೂರು ಪುಟ್ಟ ಮಕ್ಕಳ ಮಾತನ್ನು ವರ್ಷಗಟ್ಟಲೆ ದಾಖಲಿಸಿ 1973ರಲ್ಲಿ ಒಂದು ಪುಸ್ತಕ ಬರೆದರು. ಇಂಗ್ಲಿಷಿನ ಹದಿನಾಲ್ಕು ಚಿಕ್ಕಪುಟ್ಟ ವ್ಯಾಕರಣ ರೂಪಗಳು ಮಕ್ಕಳ ಬಾಯಲ್ಲಿ ನೆಲೆ ನಿಲ್ಲುವುದಕ್ಕೆ ಹೆಚ್ಚುಕಡಿಮೆ ಒಂದು ಕ್ರಮವಿದೆ ಎಂಬುದನ್ನು ಅದು ತೋರಿಸಿತು. ‘ಐಎನ್‌ಜಿ’ ಮೊದಮೊದಲೇ ಬರುತ್ತದೆ, ಬಹುವಚನದ ‘ಎಸ್’ ಕೂಡ ಬೇಗ ಬರುತ್ತದೆ. ‘ವರ್ಕ್ಸ್’ನ ‘ಎಸ್’ ಬಹಳ ಹಿಂದೆ ಉಳಿಯುತ್ತದೆ. ಮರುವರ್ಷ ಹೈಡಿ ಡ್ಯೂಲೇ ಮತ್ತು ಮರಿನಾ ಬರ್ಟ್ ಅಮೆರಿಕದಲ್ಲಿ ಇಂಗ್ಲಿಷ್ ಕಲಿಯುತ್ತಿದ್ದ ಸ್ಪ್ಯಾನಿಷ್ ಮತ್ತು ಚೀನೀ ಮನೆಮಾತಿನ ಮಕ್ಕಳನ್ನು ಪರೀಕ್ಷಿಸಿದರು. ಆರರಿಂದ ಎಂಟು ವರ್ಷದ ಮಕ್ಕಳು. ಎರಡು ಭಾಷೆಗಳಿಗೆ ನಂಟೇ ಇಲ್ಲ, ಆದರೂ ಎರಡೂ ಗುಂಪಿನ ಮಕ್ಕಳು ರೂಪಗಳನ್ನು ಒಲಿಸಿಕೊಂಡ ಕ್ರಮ ಹತ್ತಿರ ಹತ್ತಿರ ಒಂದೇ ಇತ್ತು. ಅದು ಬ್ರೌನ್ ಅವರ ಪಟ್ಟಿಯ ಪಡಿಯಚ್ಚಾಗಿರಲಿಲ್ಲ. ಆದರೆ ಕ್ರಿಯಾಪದದ ‘ಎಸ್’ ಇಲ್ಲಿಯೂ ಹಿಂದಿನ ಬೆಂಚಿನಲ್ಲೇ ಇತ್ತು.

‘ಬುಕ್ಸ್’ ಎಂಬಲ್ಲಿರುವುದೂ ಅದೇ ಸದ್ದು, ‘ವರ್ಕ್ಸ್’ ಎಂಬಲ್ಲಿರುವುದೂ ಅದೇ ಸದ್ದು. ಒಂದು ಬೇಗ, ಇನ್ನೊಂದು ತಡ. ಅಂದರೆ ನಾಲಿಗೆ ಹೊರಳದ ತೊಂದರೆ ಇದಲ್ಲ. ಕನ್ನಡ ಬಲ್ಲವರಿಗೆ ಇದರ ಗುಟ್ಟು ಬೇಗ ಹೊಳೆಯಬೇಕು. ನಾವು ‘ಬಂದಳು’ ಎಂದರೆ ಸಾಕು, ಬಂದವಳು ಹೆಣ್ಣು, ಒಬ್ಬಳೇ, ನಾನೂ ಅಲ್ಲ ನೀನೂ ಅಲ್ಲ ಎಂಬುದೆಲ್ಲ ಕ್ರಿಯಾಪದದ ತುದಿಯಲ್ಲೇ ತಿಳಿಯುತ್ತದೆ. ‘ಅವಳು’ ಬಿಟ್ಟರೂ ನಡೆಯುತ್ತದೆ. ಇಂಗ್ಲಿಷಿನ ‘ಎಸ್’ ಅಂಥ ಯಾವ ಹೊಸ ಸುದ್ದಿಯನ್ನೂ ಹೇಳುವುದಿಲ್ಲ. ‘ಮೈ ಫಾದರ್’ ಎಂದು ಮೊದಲೇ ಹೇಳಿ ಆಗಿದೆ. ಅರ್ಥಕ್ಕಾಗಿ ಹುಡುಕುತ್ತಿರುವ ಮನಸ್ಸು ಅರ್ಥಕ್ಕೆ ಏನನ್ನೂ ಸೇರಿಸದ ಸದ್ದನ್ನು ಬದಿಗೆ ಸರಿಸುತ್ತದೆ. ಬಿಲ್ ವ್ಯಾನ್‌ಪ್ಯಾಟನ್ ಎಂಬ ಅಮೆರಿಕದ ವಿದ್ವಾಂಸರು ದಶಕಗಳ ಕಾಲ ವಾದಿಸುತ್ತಾ ಬಂದದ್ದು ಇದನ್ನೇ.

ಈ ಕ್ರಮ ಕಲ್ಲಿನಲ್ಲಿ ಕೊರೆದದ್ದೇನೂ ಅಲ್ಲ. ಮನೆಮಾತಿನಲ್ಲಿ ಇಲ್ಲದ ರೂಪಗಳು ಇನ್ನಷ್ಟು ತಡವಾಗುತ್ತವೆ ಎಂದು ಈಚಿನ ಅಧ್ಯಯನಗಳು ತೋರಿಸಿವೆ. ‘ಎ’, ‘ದ’ಗಳು ಜಪಾನಿ, ಕೊರಿಯನ್, ಚೀನೀ ಭಾಷಿಕರನ್ನು ವರ್ಷಾನುಗಟ್ಟಲೆ ಕಾಡುತ್ತವೆ. ನಮ್ಮನ್ನೂ ಕಾಡುತ್ತವೆ. ಕನ್ನಡದಲ್ಲಿ ಅಂಥ ಪದಗಳಿಲ್ಲ, ‘ಒಂದು’, ‘ಆ’ ಎಂಬವು ಆ ಕೆಲಸವನ್ನು ಬೇಕಾದಾಗ ಮಾತ್ರ ಮಾಡುತ್ತವೆ.

ತಪ್ಪು ಹೇಳುವ ಸತ್ಯ

ಎಡಿನ್‌ಬರೋದ ಪಿಟ್ ಕಾರ್ಡರ್ 1967ರಲ್ಲಿ ಒಂದು ಲೇಖನ ಬರೆದು, ಕಲಿಯುವವರ ತಪ್ಪುಗಳು ಕಸವಲ್ಲ, ಅವರ ತಲೆಯೊಳಗೆ ಈಗ ಯಾವ ನಿಯಮ ಕೆಲಸ ಮಾಡುತ್ತಿದೆ ಎಂಬುದಕ್ಕೆ ಅವೇ ಸಾಕ್ಷಿ ಎಂದರು. 1972ರಲ್ಲಿ ಲ್ಯಾರಿ ಸೆಲಿಂಕರ್ ಇನ್ನೂ ಮುಂದೆ ಹೋದರು. ಕಲಿಯುವವರ ಮಾತು ಅರೆಬೆಂದ ಇಂಗ್ಲಿಷ್ ಅಲ್ಲ. ಮನೆಮಾತಿಗೂ ಕಲಿಯುವ ಮಾತಿಗೂ ನಡುವೆ ನಿಂತ, ತನ್ನದೇ ಕಟ್ಟುಪಾಡಿರುವ ಒಂದು ನಡುಭಾಷೆ ಅದು ಎಂದರು.

ಇದನ್ನು ನೋಡಲು ಅಮೆರಿಕಕ್ಕೆ ಹೋಗಬೇಕಾಗಿಲ್ಲ, ಬೆಂಗಳೂರು ಸಾಕು. ಹಿಂದಿ ಸೀಮೆಯಿಂದ ಬಂದವರು ಮೊದಲು ಕಲಿಯುವ ಕನ್ನಡ ವಾಕ್ಯ ಸಾಮಾನ್ಯವಾಗಿ ‘ನಂಗೆ ಕನ್ನಡ ಗೊತ್ತಿಲ್ಲ’. ವ್ಯಾಕರಣದ ಕಣ್ಣಿನಿಂದ ನೋಡಿದರೆ ಅದೊಂದು ಕಷ್ಟದ ವಾಕ್ಯ. ಗೊತ್ತಿರುವ ವ್ಯಕ್ತಿಗೆ ಚತುರ್ಥಿ ವಿಭಕ್ತಿ ಬೇಕು, ‘ಗೊತ್ತು’ ಎಂಬ ವಿಚಿತ್ರ ಪದ ಬೇಕು, ಅದಕ್ಕೆ ‘ಇಲ್ಲ’ ಅಂಟಬೇಕು. ಒಂದೂ ತಪ್ಪಿಲ್ಲದೆ ಹೇಳುತ್ತಾರೆ. ಯಾಕೆಂದರೆ ಅವರು ಹೇಳುತ್ತಿರುವುದು ಬಿಡಿಸಿ ಅರಿತ ವಾಕ್ಯವನ್ನಲ್ಲ, ಇಡಿಯಾಗಿ ನುಂಗಿದ ಒಂದು ಉಂಡೆಯನ್ನು. ಆರು ತಿಂಗಳ ನಂತರ ಅದೇ ವ್ಯಕ್ತಿ ‘ನಾನು ಗೊತ್ತಿಲ್ಲ’ ಎಂದರೆ ಕನ್ನಡ ಕೆಟ್ಟಿತೆಂದು ನಾವು ನಗುತ್ತೇವೆ. ನಗಬಾರದು. ಉಂಡೆ ಒಡೆದಿದೆ. ‘ನಾನು’, ‘ಗೊತ್ತು’, ‘ಇಲ್ಲ’ ಎಂಬ ಬಿಡಿಭಾಗಗಳು ಕಣ್ಣಿಗೆ ಬಿದ್ದಿವೆ, ಅವನ್ನು ತಾನೇ ಜೋಡಿಸಲು ಆ ವ್ಯಕ್ತಿ ಹೊರಟಿದ್ದಾರೆ. ಮೊದಲು ‘ವೆಂಟ್’ ಎನ್ನುತ್ತಿದ್ದ ಇಂಗ್ಲಿಷ್ ಮಗು ನಡುವೆ ‘ಗೋಡ್’ ಎಂದು, ಮತ್ತೆ ‘ವೆಂಟ್’ಗೆ ಮರಳುವುದೂ ಹೀಗೆಯೇ. ಹಿಂದಕ್ಕೆ ಇಟ್ಟಂತೆ ಕಾಣುವ ಈ ಹೆಜ್ಜೆ ಮುಂದಕ್ಕೇ ಇಟ್ಟದ್ದು.

ಇನ್ನು ‘ಇಲ್ಲ’ ಮತ್ತು ‘ಅಲ್ಲ’. ‘ಇದು ನನ್ನ ಬ್ಯಾಗ್ ಅಲ್ಲ’ ಎನ್ನುವಲ್ಲಿ ‘ಇದು ನನ್ನ ಬ್ಯಾಗ್ ಇಲ್ಲ’ ಎನ್ನುವವರು ಎಷ್ಟು ಜನ! ಹಿಂದಿಯಲ್ಲಿ ಎರಡಕ್ಕೂ ‘ನಹೀಂ’ ಸಾಕು. ಇಂದಿನ ಆಡುಮಾತಿನ ತಮಿಳಿನಲ್ಲಿ ಎರಡಕ್ಕೂ ‘ಇಲ್ಲೈ’ ಸಾಕು. ಆದರೆ ಮಲಯಾಳಿಗಳು ಇಲ್ಲಿ ಎಡವುವುದು ಕಡಿಮೆ, ‘ಇಲ್ಲ’, ‘ಅಲ್ಲ’ ಎರಡೂ ಅವರ ಮನೆಯಲ್ಲೇ ಇವೆ. ತೆಲುಗರಿಗೂ ‘ಲೇದು’, ‘ಕಾದು’ ಇವೆ. ಹಾಗೆಂದು ಮಲಯಾಳಿಗಳಿಗೆ ಕನ್ನಡ ಸಲೀಸು ಎಂದಲ್ಲ. ನಾನು ಬಂದರೂ, ಅವಳು ಬಂದರೂ, ಅವರೆಲ್ಲ ಬಂದರೂ ಅವರಿಗೆ ಒಂದೇ ‘ವನ್ನು’. ಬಂದೆ, ಬಂದಳು, ಬಂದರು, ಬಂತು ಎಂದು ನಾವು ಹೊರಿಸುವ ಹೊರೆ ಅವರಿಗೆ ಹೊಸದು. ನಮ್ಮವರು ಹಿಂದಿಯಲ್ಲಿ ‘ಬಸ್ ಆಯಾ’ ಎಂದು ಧೈರ್ಯವಾಗಿ ಹೇಳುವುದೂ ಇದೇ ಸಾಲಿಗೆ ಸೇರುತ್ತದೆ. ಬಸ್ಸು ಹೆಣ್ಣು ಎಂಬುದನ್ನು ಕನ್ನಡದ ಮನಸ್ಸು ಒಪ್ಪುವುದಾದರೂ ಹೇಗೆ?

ಕೇಳುವ ಕಿವಿಯಿದ್ದರೆ ಪ್ರತಿ ತಪ್ಪೂ ಒಂದು ವರದಿ. ಕಲಿಯುವವರು ಎಲ್ಲಿಂದ ಬಂದರು, ಈಗ ಎಲ್ಲಿದ್ದಾರೆ, ಮುಂದಿನ ಹೆಜ್ಜೆ ಯಾವುದಿರಬಹುದು ಎಂಬುದೆಲ್ಲ ಅದರಲ್ಲಿ ಇರುತ್ತದೆ.

ಬೆಂಗಳೂರಿನ ಪ್ರಯೋಗ

ವ್ಯಾಕರಣವನ್ನು ಹೇಳಿಕೊಡದಿದ್ದರೆ ಏನಾಗುತ್ತದೆ ಎಂಬ ಪ್ರಶ್ನೆಯನ್ನು ಶಾಲೆಯ ಒಳಗೇ, ವರ್ಷಗಟ್ಟಲೆ ಪರೀಕ್ಷಿಸಿ ನೋಡಿದ ಪ್ರಯೋಗವೊಂದು ಜಗತ್ತಿನ ಭಾಷಾಬೋಧನೆಯ ಪುಸ್ತಕಗಳಲ್ಲೆಲ್ಲ ‘ಬ್ಯಾಂಗಲೋರ್ ಪ್ರಾಜೆಕ್ಟ್’ ಎಂದೇ ಹೆಸರಾಗಿದೆ. ಲಂಡನ್ನಿನಲ್ಲಿ, ಟೋಕಿಯೊದಲ್ಲಿ ಶಿಕ್ಷಕ ತರಬೇತಿ ಪಡೆಯುವವರು ಅದನ್ನು ಓದುತ್ತಾರೆ. ನಮ್ಮಲ್ಲಿ ಅದರ ಹೆಸರು ಕೇಳಿದವರು ವಿರಳ ಎಂಬುದು ನನಗೆ ನಿಜಕ್ಕೂ ನೋವಿನ ಸಂಗತಿ.

1950ರ ದಶಕದಿಂದ ದಕ್ಷಿಣ ಭಾರತದ ಶಾಲೆಗಳಲ್ಲಿ ವಾಕ್ಯರಚನೆಗಳನ್ನು ಒಂದೊಂದಾಗಿ ಪೋಣಿಸಿ ಕಲಿಸುವ ಪದ್ಧತಿ ಬೇರೂರಿತ್ತು. ಮೇಷ್ಟ್ರು ಬಾಗಿಲ ಕಡೆಗೆ ನಡೆಯುತ್ತಾ ‘ಐ ಆ್ಯಮ್ ವಾಕಿಂಗ್ ಟು ದ ಡೋರ್’ ಎನ್ನುವರು, ತರಗತಿ ಒಕ್ಕೊರಲಿನಿಂದ ಹಾಗೇ ಹೇಳುವುದು. 1963ರಲ್ಲಿ ಬೆಂಗಳೂರಿನಲ್ಲಿ ಶುರುವಾದ ದಕ್ಷಿಣ ಭಾರತ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯೂ ಶಿಕ್ಷಕರನ್ನು ಆ ಪದ್ಧತಿಯಲ್ಲೇ ತಯಾರು ಮಾಡುತ್ತಿತ್ತು. ಮಕ್ಕಳು ತರಗತಿಯಲ್ಲಿ ಸರಿಯಾಗಿ ಹೇಳುತ್ತಾರೆ, ತರಗತಿ ದಾಟಿದರೆ ಅದು ಉಳಿಯುವುದಿಲ್ಲ ಎಂಬ ಕೊರಗು ಆಗಲೂ ಇತ್ತು. ಮದ್ರಾಸಿನ ಬ್ರಿಟಿಷ್ ಕೌನ್ಸಿಲ್‌ನಲ್ಲಿದ್ದ ಎನ್.ಎಸ್. ಪ್ರಭು ಈ ಸಂಸ್ಥೆಯ ಜತೆಗೂಡಿ 1979ರಲ್ಲಿ ಬೇರೆಯೇ ದಾರಿ ಹಿಡಿದರು. ಮಗು ಅರ್ಥದಲ್ಲಿ ಮುಳುಗಿರುವಾಗಲೇ ವ್ಯಾಕರಣ ಅದಕ್ಕೆ ತಿಳಿಯದಂತೆ ಒಳಗೆ ಕಟ್ಟಿಕೊಳ್ಳುತ್ತದೆ ಎಂಬುದು ಅವರ ನಂಬಿಕೆ. ಹಾಗಾಗಿ ಪಠ್ಯಕ್ರಮದಲ್ಲಿ ವ್ಯಾಕರಣವೂ ಇಲ್ಲ, ಪದಪಟ್ಟಿಯೂ ಇಲ್ಲ. ಇರುವುದು ಬರೀ ಸಮಸ್ಯೆಗಳು. ರೈಲಿನ ವೇಳಾಪಟ್ಟಿ, ಊರಿನ ನಕ್ಷೆ, ಕ್ಯಾಲೆಂಡರ್, ದೂರ ಮತ್ತು ಖರ್ಚಿನ ಲೆಕ್ಕ, ಸೂಚನೆ ಕೇಳಿ ಬಿಡಿಸಬೇಕಾದ ಚಿತ್ರ. 1984ರವರೆಗೆ ದಕ್ಷಿಣದ ಕೆಲವು ಶಾಲೆಗಳಲ್ಲಿ ಇದು ನಡೆಯಿತು. ಮಕ್ಕಳಲ್ಲಿ ಹೆಚ್ಚಿನವರು ತಾಯ್ನುಡಿ ಮಾಧ್ಯಮದವರು.

ಅಂಥ ಒಂದು ಪಾಠ ಹೇಗಿರುತ್ತಿತ್ತು ಎಂದು ಊಹಿಸಿಕೊಳ್ಳಿ. ಕರಿಹಲಗೆಯ ಮೇಲೆ ಮೂರು ರೈಲುಗಳ ವೇಳೆ. ಮೊದಲರ್ಧದಲ್ಲಿ ಮೇಷ್ಟ್ರು ಇಡೀ ತರಗತಿಯೊಂದಿಗೆ ಸೇರಿ ಒಂದು ಲೆಕ್ಕ ಬಿಡಿಸುತ್ತಾರೆ. ಈ ಗಾಡಿ ಎಷ್ಟು ಹೊತ್ತಿಗೆ ಹೊರಡುತ್ತದೆ, ದಾರಿಯಲ್ಲಿ ಎಷ್ಟು ಹೊತ್ತು ನಿಲ್ಲುತ್ತದೆ, ಹತ್ತು ಗಂಟೆಗೆ ಸ್ಟೇಷನ್ ತಲುಪಿದವರಿಗೆ ಯಾವ ಗಾಡಿ ಸಿಗುತ್ತದೆ ಎಂದು ಇಂಗ್ಲಿಷಿನಲ್ಲೇ ಕೇಳುತ್ತಾ ಹೋಗುತ್ತಾರೆ. ಹುಡುಗನೊಬ್ಬ ‘ಟ್ರೈನ್ ಲೀವ್ ಟೆನ್ ಥರ್ಟಿ’ ಎನ್ನುತ್ತಾನೆ. ‘ಯೆಸ್, ದ ಟ್ರೈನ್ ಲೀವ್ಸ್ ಅಟ್ ಟೆನ್ ಥರ್ಟಿ, ಸೋ?’ ಎನ್ನುತ್ತಾ ಮೇಷ್ಟ್ರು ಮುಂದೆ ಸಾಗುತ್ತಾರೆ. ನಿಯಮ ಬಿಡಿಸಿ ಹೇಳುವುದಿಲ್ಲ, ಐದು ಸಲ ಹೇಳಿಸುವುದಿಲ್ಲ. ಎರಡನೇ ಅರ್ಧದಲ್ಲಿ ಅದೇ ಬಗೆಯ ಇನ್ನೊಂದು ಲೆಕ್ಕವನ್ನು ಪ್ರತಿ ಮಗುವೂ ತಾನೇ ಮಾಡಬೇಕು. ಅಂಕ ಉತ್ತರಕ್ಕೆ, ವಾಕ್ಯಕ್ಕಲ್ಲ. ಲೆಕ್ಕದ ಕಷ್ಟ ಎಷ್ಟಿರಬೇಕು ಎಂಬುದಕ್ಕೆ ಪ್ರಭು ಒಂದು ಅಂದಾಜು ಇಟ್ಟುಕೊಂಡಿದ್ದರು. ತರಗತಿಯ ಅರ್ಧದಷ್ಟು ಮಕ್ಕಳಿಗಾದರೂ ಅರ್ಧದಷ್ಟು ಲೆಕ್ಕವಾದರೂ ಸರಿಬರಬೇಕು. ಅದಕ್ಕಿಂತ ಕಡಿಮೆಯಾದರೆ ನಾಳಿನ ಲೆಕ್ಕ ಸುಲಭವಾಗಬೇಕು.

ಫಲ ಏನಾಯಿತು? ಅಲನ್ ಬೆರೆಟಾ ಮತ್ತು ಅಲನ್ ಡೇವಿಸ್ ಹೊರಗಿನಿಂದ ಬಂದು ಮೌಲ್ಯಮಾಪನ ಮಾಡಿ 1985ರಲ್ಲಿ ಪ್ರಕಟಿಸಿದರು. ರಚನೆಗಳನ್ನೇ ಕೇಳುವ ಪರೀಕ್ಷೆಯಲ್ಲಿ ಹಳೆಯ ಪದ್ಧತಿಯವರು, ಸಮಸ್ಯೆ ಬಿಡಿಸುವ ಪರೀಕ್ಷೆಯಲ್ಲಿ ಪ್ರಭು ತರಗತಿಯವರು ಮುಂದಿದ್ದರು. ಅದು ನಿರೀಕ್ಷಿತವೇ. ಯಾರ ಕಡೆಗೂ ವಾಲದ ಪರೀಕ್ಷೆಗಳಲ್ಲಿ, ಅಂದರೆ ಸಂದರ್ಭದೊಳಗಿನ ವ್ಯಾಕರಣ, ಉಕ್ತಲೇಖನ, ಕೇಳಿ ಮತ್ತು ಓದಿ ಅರ್ಥ ಮಾಡಿಕೊಳ್ಳುವುದು ಇವುಗಳಲ್ಲಿ, ಹೆಚ್ಚುಪಾಲು ಪ್ರಭು ಅವರ ಮಕ್ಕಳದೇ ಮೇಲುಗೈ. ವ್ಯಾಕರಣ ಹೇಳಿಕೊಡದ ಮಕ್ಕಳಿಗೂ ವ್ಯಾಕರಣ ಬಂದಿತ್ತು. ಈ ಫಲಿತಾಂಶವನ್ನು ಎಚ್ಚರಿಕೆಯಿಂದಲೇ ಓದಬೇಕು. ಮಕ್ಕಳನ್ನು ಚೀಟಿ ಎತ್ತಿ ಹಂಚಿರಲಿಲ್ಲ, ಇದ್ದ ತರಗತಿಗಳನ್ನೇ ಹೋಲಿಸಿದ್ದರು. ಪ್ರಯೋಗದ ಶಿಕ್ಷಕರಲ್ಲಿ ಕೆಲವರು ಸಾಮಾನ್ಯರಿಗಿಂತ ಹೆಚ್ಚು ತಯಾರಿಯುಳ್ಳವರಾಗಿದ್ದರು. ಹಾಗಿದ್ದೂ ಆ ಕಾಲಕ್ಕೆ ಅದು ದೊಡ್ಡ ಸುದ್ದಿ. ಪ್ರಭು 1987ರಲ್ಲಿ ಬರೆದ ‘ಸೆಕೆಂಡ್ ಲ್ಯಾಂಗ್ವೇಜ್ ಪೆಡಗಾಜಿ’ ಪುಸ್ತಕವನ್ನು ಇಂದಿಗೂ ಜನ ಓದುತ್ತಾರೆ.

ಹಾಗಾದರೆ ಪಾಠವೇ ಬೇಡವೇ?

ಇಲ್ಲಿ ನಾನು ಪ್ರಭು ಅವರಿಂದ ಸ್ವಲ್ಪ ದೂರ ಸರಿಯುತ್ತೇನೆ. ಪಾಠದ ಮಿತಿಗೂ ಸಾಕ್ಷಿ ಇದೆ, ಪಾಠ ಇಲ್ಲದಿದ್ದರೆ ಆಗುವ ನಷ್ಟಕ್ಕೂ ಇದೆ.

ಮಿತಿಯ ಮಾತು ಮೊದಲು. 1970ರ ದಶಕದಲ್ಲಿ ಜಾನ್ ಶೂಮನ್ ಅಮೆರಿಕಕ್ಕೆ ವಲಸೆ ಬಂದ ಕೋಸ್ಟಾರಿಕಾದ ಒಬ್ಬ ಕೆಲಸಗಾರನಿಗೆ ಇಂಗ್ಲಿಷಿನ ನಿಷೇಧ ವಾಕ್ಯಗಳನ್ನು ತಿಂಗಳುಗಟ್ಟಲೆ ಕಲಿಸಿದರು. ಪರೀಕ್ಷೆಯಂತೆ ಕೇಳಿದಾಗ ಆತನ ಉತ್ತರಗಳು ಬಹಳ ಸುಧಾರಿಸಿದವು, ಸಹಜವಾಗಿ ಮಾತಾಡುವಾಗ ಏನೂ ಬದಲಾಗಲಿಲ್ಲ. ಅಡಿಗೆರೆ ಎಳೆದ ನೋಟ್‌ಬುಕ್ಕಿನ ಕಥೆಯೇ ಇದು. ಕೆನಡಾದ ಕ್ವಿಬೆಕ್‌ನಲ್ಲಿ ಪ್ಯಾಟ್ಸಿ ಲೈಟ್‌ಬೌನ್ ಫ್ರೆಂಚ್ ಮನೆಮಾತಿನ ಶಾಲಾಮಕ್ಕಳನ್ನು ಗಮನಿಸಿದರು. ಆರನೇ ತರಗತಿಯಲ್ಲಿ ‘ಐಎನ್‌ಜಿ’ಯನ್ನು ತಿದ್ದಿ ತೀಡಿ ಕಲಿಸಿದ್ದರಿಂದ ಮಕ್ಕಳು ಬೇಕಾದಲ್ಲಿ, ಬೇಡವಾದಲ್ಲಿ ಅದನ್ನು ಬಳಸಿದರು. ಪಾಠ ಬೇರೆ ರೂಪಗಳಿಗೆ ಹೋದ ಮೇಲೆ ಆ ‘ಐಎನ್‌ಜಿ’ಯೂ ಕರಗಿತು. ಜರ್ಮನಿಯ ಮ್ಯೂನಿಕ್‌ನಲ್ಲಿ ಮಾನ್‌ಫ್ರೆಡ್ ಪೀನಮನ್, ಕೆಲಸ ಅರಸಿ ಬಂದ ಇಟಲಿ ಕುಟುಂಬಗಳ ಮಕ್ಕಳಿಗೆ ಜರ್ಮನ್ ಪದಕ್ರಮದ ಒಂದು ನಿಯಮವನ್ನು ಕಲಿಸಿ 1984ರಲ್ಲಿ ಅದರ ಬಗ್ಗೆ ಬರೆದರು. ಅದಕ್ಕೆ ಹಿಂದಿನ ಮೆಟ್ಟಿಲನ್ನು ಆಗಲೇ ಹತ್ತಿದ್ದ ಮಕ್ಕಳು ಪಾಠದಿಂದ ಚಕಚಕನೆ ಮುಂದೆ ಹೋದರು. ಎರಡು ಮೆಟ್ಟಿಲು ಕೆಳಗಿದ್ದವರಿಗೆ ಅದೇ ಪಾಠ, ಅದೇ ಶಿಕ್ಷಕರು, ಅಷ್ಟೇ ದಿನಗಳು ಸಿಕ್ಕರೂ ಏನೂ ದಕ್ಕಲಿಲ್ಲ.

ಇನ್ನು ನಷ್ಟ. ಹವಾಯಿಯಲ್ಲಿ ನೆಲೆಸಿದ ಒಬ್ಬ ಜಪಾನಿ ಚಿತ್ರಕಾರನನ್ನು ರಿಚರ್ಡ್ ಸ್ಮಿಟ್ ಮೂರು ವರ್ಷ ಗಮನಿಸಿದರು. ಅಧ್ಯಯನದಲ್ಲಿ ಅವನ ಹೆಸರು ವೆಸ್. ಮಾತುಗಾರ, ಸ್ನೇಹಜೀವಿ, ದಿನವಿಡೀ ಇಂಗ್ಲಿಷಿನಲ್ಲೇ ವ್ಯವಹಾರ. ಪಾಠ ಮಾತ್ರ ಇಲ್ಲ. ಮಾತಿನ ಸರಾಗ ಬೆಳೆಯುತ್ತಲೇ ಹೋಯಿತು, ವ್ಯಾಕರಣ ಇದ್ದಲ್ಲೇ ನಿಂತಿತು. ವೆಸ್ ಒಬ್ಬನ ಪ್ರಕರಣ ಎನ್ನುವವರಿಗೆ ಕೆನಡಾದ ಶಾಲೆಗಳಿವೆ. ಮಾಂಟ್ರಿಯಲ್ ಪಕ್ಕದ ಸೇಂಟ್ ಲ್ಯಾಂಬರ್ಟ್‌ನಲ್ಲಿ 1965ರಲ್ಲಿ ಇಂಗ್ಲಿಷ್ ಮಕ್ಕಳಿಗೆ ಎಲ್ಲ ಪಾಠವನ್ನೂ ಫ್ರೆಂಚಿನಲ್ಲೇ ಮಾಡುವ ಶಾಲೆ ಶುರುವಾಗಿ, ಮುಂದೆ ದೇಶದ ತುಂಬ ಹರಡಿತು. ವರ್ಷಗಳ ನಂತರ ಆ ಮಕ್ಕಳು ಫ್ರೆಂಚನ್ನು ಕೇಳಿ, ಓದಿ ಅರಿಯುವುದರಲ್ಲಿ ಫ್ರೆಂಚ್ ಮಕ್ಕಳಿಗೆ ಸಮನಾಗಿದ್ದರು. ಮಾತಾಡುವಾಗ ಮತ್ತು ಬರೆಯುವಾಗ ಮಾತ್ರ ಲಿಂಗ, ಕ್ರಿಯಾರೂಪಗಳಲ್ಲಿ ಎಡವುತ್ತಲೇ ಇದ್ದರು. ಮೆರಿಲ್ ಸ್ವೇನ್ 1985ರಲ್ಲಿ ಇದಕ್ಕೆ ಕಾರಣ ಹೇಳಿದರು. ಕೇಳುವವರಿಗೆ ಅರ್ಥವಾದರೆ ಸಾಕು, ವ್ಯಾಕರಣವನ್ನು ಹಾರಿಸಿಯೂ ಅರ್ಥ ಹಿಡಿಯಬಹುದು. ತಾನೇ ಹೇಳಬೇಕಾದಾಗ, ಅದೂ ಖಚಿತವಾಗಿ ಹೇಳಲೇಬೇಕಾದಾಗ, ತನ್ನಲ್ಲಿ ಏನಿಲ್ಲ ಎಂಬುದು ಕಲಿಯುವವರಿಗೆ ಗೊತ್ತಾಗುತ್ತದೆ. ಆ ಮಕ್ಕಳಿಗೆ ಅಂಥ ಒತ್ತಾಯವೇ ಇರಲಿಲ್ಲ.

ವೆಸ್‌ನನ್ನು ಕಂಡ ಸ್ಮಿಟ್ ಮುಂದೆ ತಾವೇ ಬ್ರೆಜಿಲ್‌ಗೆ ಹೋಗಿ ಪೋರ್ಚುಗೀಸ್ ಕಲಿಯುತ್ತಾ ಡೈರಿ ಬರೆದರು. ಸುತ್ತಲಿನವರ ಮಾತಿನಲ್ಲಿ ತಾವು ಗಮನಿಸಿದೆ ಎಂದು ಬರೆದುಕೊಂಡ ರೂಪಗಳೇ ಮುಂದೆ ತಮ್ಮ ಬಾಯಲ್ಲಿ ಬಂದದ್ದು ಅವರಿಗೆ ತಿಳಿಯಿತು. ಕಿವಿಗೆ ಬೀಳುವುದು ಬೇರೆ, ಗಮನಕ್ಕೆ ಬೀಳುವುದು ಬೇರೆ. ಪಾಠದ ನಿಜವಾದ ಕೆಲಸ ಇರುವುದು ಇಲ್ಲೇ ಎಂದು ನಾನು ನಂಬುತ್ತೇನೆ. ನಿಯಮ ಹೇಳಿದ ಮಾತ್ರಕ್ಕೆ ಅದು ನಾಲಿಗೆಗೆ ಇಳಿಯುವುದಿಲ್ಲ. ಆದರೆ ‘ವರ್ಕ್ಸ್’ ಎಂಬಲ್ಲಿ ಒಂದು ‘ಎಸ್’ ಇದೆ ಎಂದು ಒಮ್ಮೆ ತೋರಿಸಿಕೊಟ್ಟರೆ, ಮುಂದೆ ನೂರು ಸಲ ಕೇಳುವಾಗ, ಓದುವಾಗ ಅದು ಕಣ್ಣಿಗೆ ಬೀಳುತ್ತದೆ. ಜಾನ್ ನಾರಿಸ್ ಮತ್ತು ಲೂರ್ಡೆಸ್ ಒರ್ಟೇಗಾ 2000ದಲ್ಲಿ 49 ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡಿ, ಕಲಿಸಿದರೆ ಫಲವಿದೆ, ಬಿಡಿಸಿ ಹೇಳಿ ಕಲಿಸಿದರೆ ಇನ್ನೂ ಹೆಚ್ಚು ಎಂದರು. ಆ ಅಧ್ಯಯನಗಳ ಹೆಚ್ಚಿನ ಪರೀಕ್ಷೆಗಳು ನಿಯಮದ ನೆನಪನ್ನು ಅಳೆಯುವಂಥವು, ಸಹಜ ಮಾತನ್ನಲ್ಲ ಎಂಬುದನ್ನೂ ಅವರೇ ಎತ್ತಿ ತೋರಿಸಿದರು.

ತಿದ್ದುವುದರ ಬಗ್ಗೆಯೂ ಒಂದು ಮಾತು. ಮಗುವಿನ ವಾಕ್ಯವನ್ನು ಸರಿಮಾಡಿ ತಾವೇ ಮತ್ತೆ ಹೇಳಿ ಮುಂದೆ ಹೋಗುವುದು ಶಿಕ್ಷಕರಿಗೆ ಸುಲಭ. ರಾಯ್ ಲಿಸ್ಟರ್ ಮತ್ತು ಲೈಲಾ ರಾಂಟಾ 1997ರಲ್ಲಿ ಕೆನಡಾದ ತರಗತಿಗಳ ಬಗ್ಗೆ ಬರೆದಂತೆ ತಿದ್ದುಪಡಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಆ ಬಗೆಯವೇ. ಮಕ್ಕಳಿಂದ ಅತಿ ಕಡಿಮೆ ಪ್ರತಿಕ್ರಿಯೆ ಬಂದದ್ದೂ ಅದಕ್ಕೇ. ‘ಏನಂದೆ?’, ‘ಇನ್ನೊಮ್ಮೆ ಹೇಳು’ ಎಂದು ಮಗುವಿನ ಬಾಯಿಂದಲೇ ಸರಿಯಾದ ರೂಪ ಹೊರಡಿಸಿದಾಗ ಅದು ಹೆಚ್ಚು ತಾಗುತ್ತಿತ್ತು. ರೈಲಿನ ಪಾಠದ ಹುಡುಗನಿಗೆ ‘ಲೀವ್ಸ್’ ಕೇಳಿಸಿತೋ, ಬರೀ ‘ಯೆಸ್’ ಕೇಳಿಸಿತೋ!

ನಮ್ಮ ತರಗತಿಗಳಲ್ಲಿ

ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ 2007ರಿಂದ ಒಂದನೇ ತರಗತಿಯಲ್ಲೇ ಇಂಗ್ಲಿಷ್ ಒಂದು ವಿಷಯವಾಗಿದೆ. 2015ರ ಕನ್ನಡ ಭಾಷಾ ಕಲಿಕೆ ಕಾಯ್ದೆಯಿಂದಾಗಿ ಬೇರೆ ಮನೆಮಾತಿನ ಮಕ್ಕಳೂ ಶಾಲೆಯಲ್ಲಿ ಕನ್ನಡ ಕಲಿಯಬೇಕಾಗಿದೆ. ಎರಡನೇ ಭಾಷೆ ಹೇಗೆ ಮೈಗೂಡುತ್ತದೆ ಎಂಬ ಪ್ರಶ್ನೆ ನಮ್ಮಲ್ಲಿ ಪ್ರತಿ ಮನೆಯ ಪ್ರಶ್ನೆ. ಆದರೂ ಪ್ರಶ್ನೆಪತ್ರಿಕೆ ಇನ್ನೂ ‘ಬಿಟ್ಟ ಸ್ಥಳ ತುಂಬಿರಿ’ಗೇ ಜೋತುಬಿದ್ದಿದೆ. ಕನ್ನಡ ಹೊಸದಾಗಿ ಕಲಿಯುವ ಮಗುವಿಗೆ ಸಂಧಿ, ಸಮಾಸದ ಹೆಸರುಗಳನ್ನು ಬಾಯಿಪಾಠ ಮಾಡಿಸುವವರು ಅದೇ ಮಗು ‘ಬ್ಯಾಗ್ ಇಲ್ಲ’ ಎಂದರೆ ಏನು ಮಾಡಬೇಕೆಂದು ತೋಚದೆ ಬೈಯುತ್ತಾರೆ. ಎರಡು ಬ್ಯಾಗ್ ಮೇಜಿನ ಮೇಲಿಟ್ಟು, ಯಾವುದು ಯಾರದು, ಯಾವುದು ಯಾರದಲ್ಲ, ಯಾರ ಬಳಿ ಬ್ಯಾಗೇ ಇಲ್ಲ ಎಂದು ಹದಿನೈದು ನಿಮಿಷ ಆಡಿಸಿದರೆ, ‘ಅಲ್ಲ’ ಮತ್ತು ‘ಇಲ್ಲ’ಗಳ ಗೆರೆ ಆ ಮಗುವಿನ ಕಣ್ಣಿಗೆ ಬೀಳುತ್ತದೆ. ಮರುದಿನವೇ ಬಾಯಿಗೆ ಬರಬೇಕೆಂದು ಕಾಯಬಾರದು, ಅಷ್ಟೆ.

2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟಿನ ಜತೆ ಬಂದ ಇಂಗ್ಲಿಷ್ ಬೋಧನೆಯ ಪತ್ರವು, ಮಕ್ಕಳ ಸುತ್ತ ಅರ್ಥವಾಗುವ ಭಾಷೆ ಸಮೃದ್ಧವಾಗಿ ಇರಬೇಕೆಂದು ಹೇಳಿತ್ತು. ಮಾತು ಸರಿಯೇ. ಆ ಸಮೃದ್ಧಿಯನ್ನು ಕೊಡಬೇಕಾದವರು ಯಾರು? ಬೆಂಗಳೂರು ಪ್ರಯೋಗದ ಬಗ್ಗೆ ಬೆರೆಟಾ 1990ರಲ್ಲಿ ಮತ್ತೆ ಬರೆದಾಗ ಕಂಡದ್ದು ಇದು: ತರಬೇತುದಾರರಂಥವರು ಆ ಪದ್ಧತಿಯನ್ನು ಚೆನ್ನಾಗಿ ನಡೆಸಿದರು. ಆ ಶಾಲೆಗಳ ಕಾಯಂ ಶಿಕ್ಷಕರಲ್ಲಿ ಹೆಚ್ಚಿನವರಿಗೆ ಅದು ದಕ್ಕಲಿಲ್ಲ. ಪಠ್ಯಪುಸ್ತಕದ ಆಸರೆಯಿಲ್ಲದೆ, ಮಕ್ಕಳು ಏನು ಹೇಳಿಯಾರೆಂದು ತಿಳಿಯದೆ, ಮುಕ್ಕಾಲು ಗಂಟೆ ಇಂಗ್ಲಿಷಿನಲ್ಲೇ ಮಾತು ನಡೆಸಲು ಆ ಭಾಷೆಯ ಮೇಲೆ ಒಂದಿಷ್ಟು ಹಿಡಿತ ಬೇಕು. ಹಳ್ಳಿಯ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಎಲ್ಲ ವಿಷಯವನ್ನೂ ಒಬ್ಬರೇ ನಿಭಾಯಿಸುವ ಮೇಡಂಗೆ ಆ ಹಿಡಿತ ಎಲ್ಲಿಂದ ಬರಬೇಕು? ಅವರೂ ಬಿಟ್ಟ ಸ್ಥಳ ತುಂಬಿಯೇ ಪಾಸಾದವರು. ಅವರನ್ನು ತರಬೇತಿಗೆಂದು ಕರೆಸಿ ಬೋಧನಾ ವಿಧಾನದ ಮೇಲೆ ಭಾಷಣ ಕೊಡುವ ಬದಲು, ಅಷ್ಟೂ ದಿನ ಅವರಿಗೆ ಇಂಗ್ಲಿಷಿನಲ್ಲಿ ಕಥೆ ಓದಲು, ನಕ್ಷೆ ನೋಡಿ ದಾರಿ ಹೇಳಲು, ಒಬ್ಬರ ಮಾತನ್ನು ಇನ್ನೊಬ್ಬರು ಕೇಳಿ ಬರೆಯಲು ಬಿಡಬೇಕು. ‘ಮೈ ಹಸ್ಬೆಂಡ್ ವರ್ಕ್ ಇನ್ ಬ್ಯಾಂಕ್’ ಎಂದು ಅವರು ಅಂದರೆ ಯಾರೂ ನಗಬಾರದು. ವರ್ಷಕ್ಕೊಮ್ಮೆ ಬಂದುಹೋಗುವ ತರಬೇತಿಯಿಂದ ಇದು ಆಗದು. ತಿಂಗಳು ತಿಂಗಳೂ ಕ್ಲಸ್ಟರ್ ಕೇಂದ್ರದಲ್ಲಿ ಸೇರುವ ಶಿಕ್ಷಕರು ಕೈಯಲ್ಲೊಂದು ಇಂಗ್ಲಿಷ್ ಪುಸ್ತಕ ಹಿಡಿದು ಬರುವಂತಾದರೆ ಆದೀತು. ಅದಕ್ಕೆ ಹೊಸ ಆ್ಯಪ್ ಬೇಡ, ಹೊಸ ಸಮಿತಿಯೂ ಬೇಡ. ಪುಸ್ತಕ ಕೊಳ್ಳುವಷ್ಟು ಹಣ, ಓದಿ ಮಾತಾಡುವಷ್ಟು ಬಿಡುವು, ಇವೆರಡನ್ನು ಇಲಾಖೆ ಕೊಡಬೇಕು.